ಸಣ್ಣ ರಂಧ್ರಗಳ ಮೂಲಕ ದೊಡ್ಡ ಶಸ್ತ್ರಚಿಕಿತ್ಸೆ: ಅನ್ನನಾಳದ ಕ್ಯಾನ್ಸರ್‌ಗೆ ಕೀಹೋಲ್ ವಿಧಾನ

ಗಂಟಲಿನ ಕೆಳತುದಿಯಿಂದ ಜಠರದವರೆಗೆ ಇಳಿಯುವ, ವಯಸ್ಕರಲ್ಲಿ ಸುಮಾರು 25 ಸೆಂಟಿಮೀಟರ್ ಉದ್ದವಿರುವ ಸ್ನಾಯುಕೊಳವೆಯೇ ಅನ್ನನಾಳ. ಅದರ ಕೆಲಸ ಸರಳ. ಅದು ಇರುವ ಜಾಗ ಮಾತ್ರ ಶಸ್ತ್ರವೈದ್ಯರ ಪಾಲಿಗೆ ಅತ್ಯಂತ ಇಕ್ಕಟ್ಟಿನದು. ಮುಂದೆ ಶ್ವಾಸನಾಳ ಮತ್ತು ಹೃದಯ, ಹಿಂದೆ ಬೆನ್ನುಮೂಳೆ, ಪಕ್ಕದಲ್ಲಿ ಮಹಾಪಧಮನಿ, ಎರಡೂ ಬದಿಗೆ ಶ್ವಾಸಕೋಶಗಳು, ಜೊತೆಗೆ ಧ್ವನಿಪೆಟ್ಟಿಗೆಗೆ ಹೋಗುವ ದಾರದಷ್ಟು ತೆಳುವಾದ ನರಗಳು ಇರುವ ಈ ಜಾಗದಲ್ಲಿ ಕತ್ತು, ಎದೆ, ಹೊಟ್ಟೆ ಎಂಬ ಮೂರು ಭಾಗಗಳನ್ನೂ ಅನ್ನನಾಳ ಹಾದುಹೋಗುತ್ತದೆ. ಕರುಳಿನ ಬಹುಭಾಗಕ್ಕೆ ಇರುವ ಹೊರಪೊರೆ ಅನ್ನನಾಳಕ್ಕಿಲ್ಲ. ಈ ಕಾರಣದಿಂದ ಅಲ್ಲಿ ಹುಟ್ಟಿದ ಗಡ್ಡೆ ಸುತ್ತಲಿನ ಅಂಗಗಳಿಗೆ ಬೇಗ ಹಬ್ಬುತ್ತದೆ, ಅದನ್ನು ತೆಗೆದ ಮೇಲೆ ಮಾಡುವ ಹೊಲಿಗೆಯೂ ಕರುಳಿನ ಹೊಲಿಗೆಯಷ್ಟು ಭದ್ರವಾಗಿ ಕೂಡಿಕೊಳ್ಳುವುದಿಲ್ಲ. ಈ ಅಂಗವನ್ನು ತೆಗೆಯುವ ಶಸ್ತ್ರಚಿಕಿತ್ಸೆಯಲ್ಲಿ ಕಳೆದ ಮೂರು ದಶಕಗಳಲ್ಲಿ ಆಗಿರುವ ಮುಖ್ಯ ಬದಲಾವಣೆಯೆಂದರೆ ಎದೆ ಮತ್ತು ಹೊಟ್ಟೆಯನ್ನು ಅಗಲವಾಗಿ ತೆರೆಯುವ ಬದಲು ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಮತ್ತು ಉಪಕರಣಗಳನ್ನು ತೂರಿಸಿ ಕೆಲಸ ಮಾಡುವ ವಿಧಾನ. ಆಸ್ಪತ್ರೆಗಳಲ್ಲಿ ಇದನ್ನು ಸಾಮಾನ್ಯವಾಗಿ ಕೀಹೋಲ್ ಶಸ್ತ್ರಚಿಕಿತ್ಸೆ ಎನ್ನುತ್ತಾರೆ. ಹೊರಗಿನ ಗಾಯ ಚಿಕ್ಕದಾದ ಮಾತ್ರಕ್ಕೆ ಒಳಗಿನ ಶಸ್ತ್ರಚಿಕಿತ್ಸೆ ಚಿಕ್ಕದಾಗುವುದಿಲ್ಲ ಎಂಬುದನ್ನು ರೋಗಿ ಮತ್ತು ಕುಟುಂಬದವರು ಮೊದಲೇ ತಿಳಿದಿದ್ದರೆ, ಮುಂದಿನ ತೀರ್ಮಾನಗಳೆಲ್ಲ ಹೆಚ್ಚು ಸ್ಪಷ್ಟವಾಗುತ್ತವೆ.

ರೋಗದ ಬಗೆ ಮತ್ತು ಹಂತ

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 5.1 ಲಕ್ಷ ಜನರಲ್ಲಿ ಅನ್ನನಾಳದ ಕ್ಯಾನ್ಸರ್ ಹೊಸದಾಗಿ ಪತ್ತೆಯಾಗುತ್ತದೆ, ಸುಮಾರು 4.45 ಲಕ್ಷ ಜನ ಅದರಿಂದ ಸಾಯುತ್ತಾರೆ. ಎರಡು ಸಂಖ್ಯೆಗಳು ಇಷ್ಟು ಹತ್ತಿರವಿರುವುದು ರೋಗ ತಡವಾಗಿ ಪತ್ತೆಯಾಗುವುದರ ಲಕ್ಷಣ. ಈ ಕ್ಯಾನ್ಸರ್‌ನಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಅನ್ನನಾಳದ ಒಳಪದರದ ಚಪ್ಪಟೆ ಕೋಶಗಳಲ್ಲಿ ಹುಟ್ಟುವ ಸ್ಕ್ವಾಮಸ್ ಬಗೆ ಹೆಚ್ಚಾಗಿ ಮೇಲಿನ ಮತ್ತು ನಡುವಿನ ಭಾಗದಲ್ಲಿ ಕಾಣಿಸಿಕೊಳ್ಳುತ್ತದೆ. ಜಠರದ ಆಮ್ಲ ದೀರ್ಘಕಾಲ ಮೇಲೆ ಉಕ್ಕುವುದರಿಂದ ಕೆಳತುದಿಯ ಒಳಪದರ ಬದಲಾಗಿ ಅಲ್ಲಿ ಹುಟ್ಟುವ ಅಡೆನೊಕಾರ್ಸಿನೋಮಾ ಬಗೆ ಪಾಶ್ಚಾತ್ಯ ದೇಶಗಳಲ್ಲಿ ಹೆಚ್ಚು. ಭಾರತದಲ್ಲಿ ಇಂದಿಗೂ ಸ್ಕ್ವಾಮಸ್ ಬಗೆಯದೇ ಮೇಲುಗೈ. ತಂಬಾಕು ಮತ್ತು ಮದ್ಯ ಇದರ ಮುಖ್ಯ ಕಾರಣಗಳು. ತಂಬಾಕಿಲ್ಲದ ಎಲೆಯಡಿಕೆಯನ್ನೂ ಇದೇ ಸಂಸ್ಥೆ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ಕರ್ನಾಟಕದಲ್ಲಿ ಈ ಮಾತು ಯಾರಿಗೂ ರುಚಿಸದಿದ್ದರೂ ಹೇಳಲೇಬೇಕಾದದ್ದು. 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಪಾನೀಯಗಳನ್ನು 2016ರಲ್ಲಿ ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ಗುಂಪಿಗೆ ಸೇರಿಸಲಾಯಿತು. ಬೆಂಗಳೂರಿನ ಕ್ಯಾನ್ಸರ್ ನೋಂದಣಿಯಲ್ಲಿ ಅನ್ನನಾಳವು ಗಂಡಸರು ಮತ್ತು ಹೆಂಗಸರಿಬ್ಬರಲ್ಲೂ ಮೊದಲಿನಿಂದ ಪ್ರಮುಖ ಸ್ಥಾನಗಳಲ್ಲೇ ಉಳಿದಿದೆ.

ನುಂಗುವಾಗ ತಡೆಯುವುದೇ ಮೊದಲ ಲಕ್ಷಣ. ಆರಂಭದಲ್ಲಿ ರೊಟ್ಟಿ, ಚಪಾತಿ, ಮಾಂಸದ ತುಣುಕುಗಳು ಎದೆಯ ನಡುವೆ ನಿಂತಂತಾಗುತ್ತವೆ, ಮುಂದೆ ಅನ್ನವೂ ಇಳಿಯದೆ ಗಂಜಿಗೆ ಬರಬೇಕಾಗುತ್ತದೆ, ಕೊನೆಗೆ ನೀರೂ ಇಳಿಯುವುದಿಲ್ಲ. ಈ ಮೆಟ್ಟಿಲುಗಳನ್ನು ಇಳಿಯುವ ಹೊತ್ತಿಗೆ ರೋಗಿಯ ತೂಕ ಹಲವು ಕಿಲೋ ಕಡಿಮೆಯಾಗಿರುತ್ತದೆ. ಗ್ಯಾಸ್ಟ್ರಿಕ್ ಎಂದು ತಿಂಗಳುಗಟ್ಟಲೆ ಮಾತ್ರೆ ನುಂಗುತ್ತಾ ಕೂರುವುದೇ ಇಲ್ಲಿ ಆಗುವ ಸಾಮಾನ್ಯ ತಪ್ಪು. ಗಟ್ಟಿ ಆಹಾರ ಎರಡು ವಾರಕ್ಕಿಂತ ಹೆಚ್ಚು ಕಾಲ ತಡೆಯುತ್ತಿದ್ದರೆ, ಬಾಯಿಯ ಮೂಲಕ ಕ್ಯಾಮೆರಾ ಕೊಳವೆ ಇಳಿಸಿ ನೋಡುವ ಎಂಡೋಸ್ಕೋಪಿಯನ್ನು ಮುಂದೂಡಬಾರದು.

ಎಂಡೋಸ್ಕೋಪಿಯಲ್ಲಿ ತೆಗೆದ ಚೂರಿನ ಪರೀಕ್ಷೆಯಿಂದ ರೋಗ ಖಚಿತವಾದ ನಂತರ ಅದರ ಹಂತವನ್ನು ಅಳೆಯುವ ಕೆಲಸ ಆರಂಭವಾಗುತ್ತದೆ. ಸಿ.ಟಿ. ಮತ್ತು ಪೆಟ್ ಸ್ಕ್ಯಾನ್‌ಗಳು ರೋಗ ಯಕೃತ್ತು, ಶ್ವಾಸಕೋಶ, ಮೂಳೆಗಳಿಗೆ ಹರಡಿದೆಯೇ ಎಂಬುದನ್ನು ತೋರಿಸುತ್ತವೆ. ಗಡ್ಡೆ ಎಷ್ಟು ಆಳಕ್ಕೆ ಇಳಿದಿದೆ, ಪಕ್ಕದ ದುಗ್ಧಗ್ರಂಥಿಗಳು ಊದಿವೆಯೇ ಎಂಬುದನ್ನು ಎಂಡೋಸ್ಕೋಪಿಯ ತುದಿಗೆ ಅಲ್ಟ್ರಾಸೌಂಡ್ ಅಳವಡಿಸಿ ನೋಡಲಾಗುತ್ತದೆ. ದುಗ್ಧಗ್ರಂಥಿಗಳೆಂದರೆ ಅಂಗಾಂಶಗಳಿಂದ ಬರುವ ದ್ರವವನ್ನು ಸೋಸುವ ಕಾಳಿನ ಗಾತ್ರದ ಗಂಟುಗಳು. ಕ್ಯಾನ್ಸರ್ ಕೋಶಗಳು ಹರಡುವಾಗ ಹೆಚ್ಚಾಗಿ ಮೊದಲು ತಂಗುವ ಜಾಗವೂ ಅವೇ. ರೋಗ ದೂರದ ಅಂಗಗಳಿಗೆ ಹರಡಿದ್ದರೆ ಅನ್ನನಾಳವನ್ನು ತೆಗೆದು ಪ್ರಯೋಜನವಿಲ್ಲ. ಕೀಹೋಲ್ ವಿಧಾನ ಬಂದಿದೆ ಎಂಬ ಕಾರಣಕ್ಕೆ ಈ ನಿಯಮ ಸಡಿಲವಾಗುವುದಿಲ್ಲ.

ಇನ್ನೊಂದು ತುದಿಯಲ್ಲಿ, ರೋಗ ಒಳಪದರವನ್ನಷ್ಟೇ ಹಿಡಿದಿದ್ದರೆ ಹೊರಗಿನಿಂದ ಒಂದು ರಂಧ್ರವನ್ನೂ ಮಾಡಬೇಕಾಗಿಲ್ಲ. ಎಂಡೋಸ್ಕೋಪಿಯ ಮೂಲಕವೇ ಒಳಪದರದ ಅಡಿಗೆ ದ್ರವವನ್ನು ಚುಚ್ಚಿ ಅದನ್ನು ಮೇಲೆತ್ತಿ, ವಿದ್ಯುತ್ ಚಾಕುವಿನಿಂದ ಗಡ್ಡೆಯಿರುವ ಪದರವನ್ನು ಒಂದೇ ತುಂಡಾಗಿ ಬಿಡಿಸಿ ತೆಗೆಯುವ ವಿಧಾನವನ್ನು ಜಪಾನಿನ ವೈದ್ಯರು ಬೆಳೆಸಿದರು, ಇ.ಎಸ್.ಡಿ. ಎಂಬ ಹೆಸರಿನಿಂದ ಅದು ಈಗ ಭಾರತದ ದೊಡ್ಡ ಕೇಂದ್ರಗಳಲ್ಲೂ ನಡೆಯುತ್ತದೆ. ಅನ್ನನಾಳ ಉಳಿಯುವುದರಿಂದ ಅತಿ ಕಡಿಮೆ ಆಘಾತದ ಚಿಕಿತ್ಸೆ ಎಂಬ ಹೆಸರು ನಿಜವಾಗಿ ಇದಕ್ಕೇ ಸಲ್ಲಬೇಕು.

ನಡುವಿನ ಹಂತದ ರೋಗಿಗಳೇ ಹೆಚ್ಚು. ಅವರಿಗೆ ಶಸ್ತ್ರಚಿಕಿತ್ಸೆ ಮೊದಲ ಹೆಜ್ಜೆಯಲ್ಲ. ನೆದರ್‌ಲೆಂಡ್ಸ್‌ನ ಕ್ರಾಸ್ ಎಂಬ ಅಧ್ಯಯನ 2012ರಲ್ಲಿ ತೋರಿಸಿದಂತೆ, ಐದು ವಾರಗಳ ಕಾಲ ಕೀಮೋ ಮತ್ತು ವಿಕಿರಣವನ್ನು ಒಟ್ಟಿಗೆ ಕೊಟ್ಟು ಆಮೇಲೆ ಶಸ್ತ್ರಚಿಕಿತ್ಸೆ ಮಾಡಿದ ರೋಗಿಗಳ ಮಧ್ಯಮ ಬದುಕುಳಿಯುವ ಅವಧಿ 49 ತಿಂಗಳಾಗಿತ್ತು; ನೇರವಾಗಿ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಅದು 24 ತಿಂಗಳು ಮಾತ್ರ. ಸ್ಕ್ವಾಮಸ್ ಬಗೆಯ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನರ ತೆಗೆದ ಅನ್ನನಾಳದಲ್ಲಿ ಸೂಕ್ಷ್ಮದರ್ಶಕದಡಿ ಹುಡುಕಿದರೂ ಜೀವಂತ ಕ್ಯಾನ್ಸರ್ ಕೋಶ ಸಿಗಲಿಲ್ಲ. ಕೆಳತುದಿಯ ಅಡೆನೊಕಾರ್ಸಿನೋಮಾಕ್ಕೆ ಮಾತ್ರ, ಜರ್ಮನಿಯ ಎಸೊಪೆಕ್ ಅಧ್ಯಯನದ ನಂತರ, ಶಸ್ತ್ರಚಿಕಿತ್ಸೆಯ ಹಿಂದೆ ಮುಂದೆ ಫ್ಲಾಟ್ ಎಂಬ ನಾಲ್ಕು ಔಷಧಗಳ ಕೀಮೋ ಕೊಡುವುದೇ ಮೇಲೆಂದು ಕಂಡುಬಂದಿದೆ. ಆದ್ದರಿಂದ ರೋಗ ಪತ್ತೆಯಾದ ವಾರದಲ್ಲೇ ‘ರೋಬೋಟ್‌ನಿಂದ ತೆಗೆದುಬಿಡೋಣ’ ಎಂದು ಅವಸರಪಡಿಸುವ ಸಲಹೆ ಬಂದರೆ, ಕ್ಯಾನ್ಸರ್ ಔಷಧ ತಜ್ಞರು ಮತ್ತು ವಿಕಿರಣ ತಜ್ಞರು ಕೂಡಿ ಈ ಪ್ರಕರಣವನ್ನು ಚರ್ಚಿಸಿದ್ದಾರೆಯೇ ಎಂದು ಕೇಳುವುದು ಸೂಕ್ತ.

ತೆರೆದ ಎದೆಯಿಂದ ಸಣ್ಣ ರಂಧ್ರಗಳಿಗೆ

ಎದೆಯೊಳಗಿನ ಅನ್ನನಾಳವನ್ನು ಯಶಸ್ವಿಯಾಗಿ ತೆಗೆದ ಮೊದಲ ಶಸ್ತ್ರಚಿಕಿತ್ಸೆಯನ್ನು ನ್ಯೂಯಾರ್ಕ್‌ನಲ್ಲಿ 1913ರಲ್ಲಿ ಫ್ರಾಂಜ್ ಟೊರೆಕ್ ಮಾಡಿದರು. ತೆಗೆದ ಜಾಗದಲ್ಲಿ ಹೊಸ ದಾರಿ ಕಟ್ಟುವ ವಿಧಾನ ಆಗ ತಿಳಿದಿರಲಿಲ್ಲ. ರೋಗಿಯಾಗಿದ್ದ ಮಹಿಳೆ ಕತ್ತಿನ ರಂಧ್ರದಿಂದ ಹೊಟ್ಟೆಯ ರಂಧ್ರಕ್ಕೆ ಹೊರಗಿನಿಂದ ಜೋಡಿಸಿದ ರಬ್ಬರ್ ಕೊಳವೆಯ ಮೂಲಕ ಆಹಾರ ಇಳಿಸಿಕೊಳ್ಳುತ್ತಾ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬದುಕಿದರು. ಜಠರವನ್ನೇ ಉದ್ದನೆಯ ಕೊಳವೆಯಾಗಿ ಮಾಡಿ ಎದೆಗೆ ಎಳೆದು ಜೋಡಿಸುವ ಪದ್ಧತಿ ನಂತರದ ದಶಕಗಳಲ್ಲಿ ರೂಪುಗೊಂಡಿತು. 1946ರಲ್ಲಿ ಬ್ರಿಟನ್ನಿನ ಐವರ್ ಲೂಯಿಸ್ ವರ್ಣಿಸಿದ ವಿಧಾನದಲ್ಲಿ ಹೊಟ್ಟೆ ಮತ್ತು ಬಲ ಎದೆಯನ್ನು ತೆರೆದು ಜೋಡಣೆಯನ್ನು ಎದೆಯೊಳಗೆ ಮಾಡಲಾಗುತ್ತದೆ. 1976ರಲ್ಲಿ ಮೆಕ್‌ಕಿಯೋನ್ ವರ್ಣಿಸಿದ ವಿಧಾನದಲ್ಲಿ ಮೂರನೆಯ ಗಾಯವನ್ನು ಕತ್ತಿನಲ್ಲಿ ಮಾಡಿ ಜೋಡಣೆಯನ್ನು ಅಲ್ಲಿಗೆ ತರಲಾಗುತ್ತದೆ. ಇಂದು ಕೀಹೋಲ್ ಅಥವಾ ರೋಬೋಟ್ ಬಳಸಿ ಮಾಡುವ ಶಸ್ತ್ರಚಿಕಿತ್ಸೆಗಳೂ ಬಹುತೇಕ ಇವೇ ಎರಡು ನಕ್ಷೆಗಳನ್ನು ಅನುಸರಿಸುವುದರಿಂದ ವೈದ್ಯರ ಬಾಯಲ್ಲಿ ಈ ಎರಡು ಹೆಸರುಗಳು ಮತ್ತೆ ಮತ್ತೆ ಕೇಳಿಬರುತ್ತವೆ.

ತೆರೆದ ವಿಧಾನದಲ್ಲಿ ಪಕ್ಕೆಲುಬುಗಳ ನಡುವೆ ಉದ್ದವಾಗಿ ಕೊಯ್ದು, ಉಕ್ಕಿನ ಉಪಕರಣದಿಂದ ಅವುಗಳನ್ನು ಅಗಲಿಸಿ, ಗಂಟೆಗಟ್ಟಲೆ ಹಾಗೆಯೇ ಹಿಡಿದಿಡಬೇಕಾಗುತ್ತದೆ. ಇದರ ನಿಜವಾದ ಬೆಲೆ ತೆರುವುದು ಶ್ವಾಸಕೋಶ. ನೋವಿಗೆ ಹೆದರಿ ರೋಗಿ ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮುವುದಿಲ್ಲ. ಕಫ ಕಟ್ಟಿ ನ್ಯುಮೋನಿಯಾ ಬರುತ್ತದೆ. ಬಹುಕಾಲ ಧೂಮಪಾನ ಮಾಡಿ ಮೊದಲೇ ಶ್ವಾಸಕೋಶ ಸೊರಗಿರುವ, ತಿಂಗಳುಗಳಿಂದ ಊಟವಿಲ್ಲದೆ ನಿತ್ರಾಣರಾಗಿರುವ ರೋಗಿಗಳಿಗೆ ಈ ನ್ಯುಮೋನಿಯಾ ಪ್ರಾಣಾಂತಿಕ. ಕೀಹೋಲ್ ವಿಧಾನವನ್ನು ಅಳೆಯಬೇಕಾದದ್ದು ಈ ಒಂದು ತೊಂದರೆಯ ಎದುರಿಗೆ. ಗಾಯದ ಗುರುತು ಕಾಣುವುದಿಲ್ಲ ಎಂಬ ಜಾಹೀರಾತಿನ ಮಾತು ಇಲ್ಲಿ ಅಪ್ರಸ್ತುತ.

ಸ್ಕಾಟ್ಲೆಂಡಿನ ಡಂಡಿಯಲ್ಲಿ ಆಲ್ಫ್ರೆಡ್ ಕುಶಿಯೆರಿ ಎದೆಯ ರಂಧ್ರಗಳ ಮೂಲಕ ಅನ್ನನಾಳವನ್ನು ಬಿಡಿಸುವ ವಿಧಾನವನ್ನು 1992ರಲ್ಲಿ ಪ್ರಕಟಿಸಿದರು. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಜೇಮ್ಸ್ ಲುಕೆಟಿಚ್ ಅವರ ತಂಡ ಎದೆ ಮತ್ತು ಹೊಟ್ಟೆ ಎರಡನ್ನೂ ಕೀಹೋಲ್ ಮೂಲಕವೇ ನಿಭಾಯಿಸಿದ 222 ರೋಗಿಗಳ ಅನುಭವವನ್ನು 2003ರಲ್ಲಿ ಮುಂದಿಟ್ಟ ನಂತರ ಇದು ಕೆಲವರ ಸಾಹಸವಾಗಿ ಉಳಿಯದೆ ಇತರರೂ ಕಲಿಯಬಹುದಾದ ಪದ್ಧತಿಯಾಯಿತು. ದಕ್ಷಿಣ ಭಾರತಕ್ಕೂ ಇದರಲ್ಲಿ ಪಾಲಿದೆ. ರೋಗಿಯನ್ನು ಎಡಮಗ್ಗುಲಿಗೆ ಮಲಗಿಸುವ ವಾಡಿಕೆಯ ಬದಲು ಬೋರಲು ಮಲಗಿಸಿ ಶಸ್ತ್ರಚಿಕಿತ್ಸೆ ಮಾಡಿದ 130 ಪ್ರಕರಣಗಳ ವರದಿಯನ್ನು ಕೊಯಮತ್ತೂರಿನ ಸಿ. ಪಳನಿವೇಲು ಅವರ ತಂಡ 2006ರಲ್ಲಿ ಪ್ರಕಟಿಸಿತು. ಬೋರಲು ಮಲಗಿದಾಗ ಶ್ವಾಸಕೋಶ ತನ್ನ ಭಾರದಿಂದಲೇ ಮುಂದಕ್ಕೆ ಜಾರಿ ಅನ್ನನಾಳದ ಜಾಗ ತೆರವಾಗುತ್ತದೆ, ಒಸರುವ ರಕ್ತವೂ ಕೆಲಸದ ಜಾಗದಲ್ಲಿ ನಿಲ್ಲದೆ ಕೆಳಗೆ ಹರಿದುಹೋಗುತ್ತದೆ. ಒಂದು ಶ್ವಾಸಕೋಶವನ್ನು ಪೂರ್ತಿ ಕುಗ್ಗಿಸಬೇಕಾದ ಅಗತ್ಯವೂ ಹೆಚ್ಚಾಗಿ ಬೀಳುವುದಿಲ್ಲ. ಈ ಭಂಗಿ ಅಥವಾ ಇದಕ್ಕೆ ಹತ್ತಿರದ ಅರೆಬೋರಲು ಭಂಗಿ ಇಂದು ಹಲವು ದೇಶಗಳಲ್ಲಿ ರೂಢಿಯಲ್ಲಿದೆ.

ಶಸ್ತ್ರಚಿಕಿತ್ಸೆಯ ಕ್ರಮ ಸ್ಥೂಲವಾಗಿ ಹೀಗಿರುತ್ತದೆ. ಬಲ ಎದೆಯಲ್ಲಿ ಮೂರು ಅಥವಾ ನಾಲ್ಕು, ಹೊಟ್ಟೆಯಲ್ಲಿ ಐದರಷ್ಟು, ಅರ್ಧದಿಂದ ಒಂದೂವರೆ ಸೆಂಟಿಮೀಟರ್ ಅಗಲದ ರಂಧ್ರಗಳನ್ನು ಮಾಡಿ, ಇಂಗಾಲದ ಡೈಆಕ್ಸೈಡ್ ಅನಿಲ ತುಂಬಿ ಒಳಗೆ ಜಾಗ ಮಾಡಿಕೊಳ್ಳುತ್ತಾರೆ. ಎದೆಯಲ್ಲಿ ಅನ್ನನಾಳವನ್ನು ಸುತ್ತಲಿನ ಕೊಬ್ಬು ಮತ್ತು ದುಗ್ಧಗ್ರಂಥಿಗಳ ಸಮೇತ ಬಿಡಿಸಲಾಗುತ್ತದೆ. ಧ್ವನಿಪೆಟ್ಟಿಗೆಯ ನರಗಳ ಗುಂಟ ಇರುವ ಗ್ರಂಥಿಗಳನ್ನು ತೆಗೆಯುವುದು ಇಲ್ಲಿನ ಅತಿ ನಾಜೂಕಿನ ಕೆಲಸ; ನರಕ್ಕೆ ಪೆಟ್ಟಾದರೆ ದನಿ ಒಡೆಯುತ್ತದೆ, ಕುಡಿದ ನೀರು ಶ್ವಾಸನಾಳಕ್ಕೆ ಇಳಿಯುತ್ತದೆ. ಹೊಟ್ಟೆಯಲ್ಲಿ ಜಠರಕ್ಕೆ ಬರುವ ರಕ್ತನಾಳಗಳಲ್ಲಿ ಬಹುತೇಕವನ್ನು ಕತ್ತರಿಸಿ, ಅದರ ಹೊರಬಾಗಿನ ಗುಂಟ ಬಲದಿಂದ ಬರುವ ಒಂದು ಅಪಧಮನಿಯನ್ನು ಮುಖ್ಯವಾಗಿ ಉಳಿಸಿಕೊಂಡು, ಸ್ಟೇಪ್ಲರ್ ಯಂತ್ರದಿಂದ ಜಠರವನ್ನು ಮೂರರಿಂದ ಐದು ಸೆಂಟಿಮೀಟರ್ ಅಗಲದ ಕೊಳವೆಯಾಗಿಸಿ, ವಪೆಯ ರಂಧ್ರದ ಮೂಲಕ ಮೇಲಕ್ಕೆ ಎಳೆದು ಉಳಿದ ಅನ್ನನಾಳಕ್ಕೆ ಜೋಡಿಸಲಾಗುತ್ತದೆ. ತೆಗೆದ ಭಾಗವನ್ನು ಹೊರತರಲು ಐದಾರು ಸೆಂಟಿಮೀಟರ್‌ನ ಒಂದು ಗಾಯ ಹೇಗಿದ್ದರೂ ಬೇಕಾಗುತ್ತದೆ.

ಪುರಾವೆಗಳು ಹೇಳುವುದೆಷ್ಟು

ನೆದರ್‌ಲೆಂಡ್ಸ್, ಸ್ಪೇನ್ ಮತ್ತು ಇಟಲಿಯ ಐದು ಆಸ್ಪತ್ರೆಗಳಲ್ಲಿ 115 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ ಟೈಮ್ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಮೊದಲ ಎರಡು ವಾರಗಳಲ್ಲಿ ಶ್ವಾಸಕೋಶದ ಸೋಂಕು ತೆರೆದ ವಿಧಾನದಲ್ಲಿ ಶೇ 29ರಷ್ಟು ಜನರಿಗೆ ಬಂದರೆ, ಕೀಹೋಲ್ ವಿಧಾನದಲ್ಲಿ ಶೇ 9ರಷ್ಟು ಜನರಿಗೆ ಬಂತು. ರಕ್ತನಷ್ಟ ಅರ್ಧಕ್ಕಿಂತ ಕಡಿಮೆಯಾಯಿತು, ಆಸ್ಪತ್ರೆ ವಾಸ 14 ದಿನಗಳಿಂದ 11ಕ್ಕೆ ಇಳಿಯಿತು. ಮೂರು ವರ್ಷಗಳ ನಂತರ ಬದುಕುಳಿದವರ ಪ್ರಮಾಣದಲ್ಲಿ ಮಾತ್ರ ಎರಡೂ ಗುಂಪುಗಳ ನಡುವೆ ಗಮನಾರ್ಹ ಅಂತರ ಕಾಣಲಿಲ್ಲ.

ಫ್ರಾನ್ಸಿನ ಮಿರೋ ಅಧ್ಯಯನ ಇನ್ನೊಂದು ಜಾಣ ಪ್ರಶ್ನೆ ಕೇಳಿತು. ಹೊಟ್ಟೆಯ ಕೆಲಸವನ್ನಷ್ಟೇ ಕೀಹೋಲ್‌ನಲ್ಲಿ ಮುಗಿಸಿ ಎದೆಯನ್ನು ಎಂದಿನಂತೆ ತೆರೆದರೆ ಲಾಭವಿದೆಯೇ ಎಂಬುದೇ ಆ ಪ್ರಶ್ನೆ. 207 ರೋಗಿಗಳ ಈ ಅಧ್ಯಯನ 2019ರಲ್ಲಿ ಹೊರಬಂದಾಗ, ಗಂಭೀರ ತೊಡಕುಗಳು ಪೂರ್ತಿ ತೆರೆದ ವಿಧಾನದಲ್ಲಿ ಶೇ 64, ಮಿಶ್ರ ವಿಧಾನದಲ್ಲಿ ಶೇ 36 ಎಂದು ಕಂಡುಬಂತು. ಎದೆಯ ಕೀಹೋಲ್ ಕೆಲಸದಲ್ಲಿ ಇನ್ನೂ ಪಳಗದ ಆಸ್ಪತ್ರೆಗೆ ಇದು ಬಹಳ ಉಪಯುಕ್ತ ಮಾಹಿತಿ. ‘ಅರ್ಧ ಕೀಹೋಲ್’ ಎಂದು ಮೂಗುಮುರಿಯಬೇಕಾಗಿಲ್ಲ. ಕ್ಯಾನ್ಸರ್ ಗುಣವಾಗುವುದರಲ್ಲಿ ಕೀಹೋಲ್ ಹಿಂದೆ ಬೀಳುತ್ತದೆಯೇ ಎಂಬ ಹಳೆಯ ಅನುಮಾನಕ್ಕೆ ಜಪಾನಿನ ಮೊನೆಟ್ ಅಧ್ಯಯನ 300 ರೋಗಿಗಳಲ್ಲಿ ಉತ್ತರ ಹುಡುಕಿತು. 2024ರಲ್ಲಿ ಮಂಡಿಸಿದ ಫಲಿತಾಂಶದಂತೆ ಮೂರು ವರ್ಷ ಬದುಕುಳಿದವರು ಕೀಹೋಲ್ ಗುಂಪಿನಲ್ಲಿ ಶೇ 82, ತೆರೆದ ಗುಂಪಿನಲ್ಲಿ ಶೇ 71. ಕೀಹೋಲ್ ವಿಧಾನ ತೆರೆದ ವಿಧಾನಕ್ಕಿಂತ ಕಡಿಮೆಯಲ್ಲ ಎಂಬುದಷ್ಟನ್ನೇ ಸಾಧಿಸಲು ರೂಪಿಸಿದ ಅಧ್ಯಯನ ಇದು. ಅಂತರವನ್ನೇ ಹಿಡಿದು ಆಯುಷ್ಯ ಹೆಚ್ಚುತ್ತದೆಂದು ಭರವಸೆ ಕೊಡುವುದು ಅವಸರದ ಮಾತಾಗುತ್ತದೆ.

ರೋಬೋಟ್ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಇಲ್ಲಿ ಯಂತ್ರ ತಾನಾಗಿ ಏನನ್ನೂ ಮಾಡುವುದಿಲ್ಲ. ಶಸ್ತ್ರವೈದ್ಯರು ಪಕ್ಕದ ಕನ್ಸೋಲ್‌ನಲ್ಲಿ ಕುಳಿತು ಮೂರು ಆಯಾಮದ ದೃಶ್ಯ ನೋಡುತ್ತಾ ಕೈಯಾಡಿಸಿದಂತೆ ಒಳಗಿನ ಉಪಕರಣಗಳು ಮಣಿಕಟ್ಟಿನಂತೆ ಎಲ್ಲ ಕಡೆಗೂ ಬಾಗುತ್ತವೆ, ಕೈನಡುಕ ಸೋಸಿಹೋಗುತ್ತದೆ. ಇಕ್ಕಟ್ಟಿನ ಜಾಗದಲ್ಲಿ ನರದ ಪಕ್ಕದ ಗ್ರಂಥಿಗಳನ್ನು ಬಿಡಿಸಲು ಇದು ನಿಜವಾಗಿಯೂ ಅನುಕೂಲ. ನೆದರ್‌ಲೆಂಡ್ಸ್‌ನ ಯುಟ್ರೆಕ್ಟ್‌ನಲ್ಲಿ ನಡೆದ ಅಧ್ಯಯನದಲ್ಲಿ ತೊಡಕುಗಳು ತೆರೆದ ವಿಧಾನದ ಶೇ 80ರಿಂದ ರೋಬೋಟ್ ವಿಧಾನದಲ್ಲಿ ಶೇ 59ಕ್ಕೆ ಇಳಿದವು. ಆದರೆ ಆ ಹೋಲಿಕೆ ತೆರೆದ ಶಸ್ತ್ರಚಿಕಿತ್ಸೆಯೊಂದಿಗೆ. ರೋಬೋಟನ್ನು ಸಾಮಾನ್ಯ ಕೀಹೋಲ್‌ನೊಂದಿಗೆ ನೇರವಾಗಿ ಹೋಲಿಸಿದ ಚೀನಾದ ಅಧ್ಯಯನದಲ್ಲಿ, 358 ರೋಗಿಗಳ ಪೈಕಿ ರೋಬೋಟ್ ಗುಂಪಿನ ಶಸ್ತ್ರಚಿಕಿತ್ಸೆ ಸರಾಸರಿ 40 ನಿಮಿಷದಷ್ಟು ಬೇಗ ಮುಗಿದರೂ ಒಟ್ಟು ತೊಡಕುಗಳಲ್ಲಿ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಆದ್ದರಿಂದ ರೋಬೋಟ್‌ಗೆಂದು ಹೆಚ್ಚುವರಿ ಹಣ ಹೊಂದಿಸಲು ಹೊಲ ಮನೆ ಅಡವಿಡುವ ಯೋಚನೆಯಲ್ಲಿರುವ ಕುಟುಂಬಕ್ಕೆ, ಪಳಗಿದ ಕೈಯಲ್ಲಿ ಸಾಮಾನ್ಯ ಕೀಹೋಲ್ ಸಾಕು ಎಂದು ಧೈರ್ಯವಾಗಿ ಹೇಳಬಹುದು.

ಈ ಪಳಗುವಿಕೆಯೇ ಒಟ್ಟು ವಿಷಯದ ಕೀಲಕ. ಅಧ್ಯಯನಗಳೆಲ್ಲ ನಡೆದದ್ದು ನುರಿತ ಕೇಂದ್ರಗಳಲ್ಲಿ. ಅವುಗಳ ಫಲಿತಾಂಶ ಎಲ್ಲ ಆಸ್ಪತ್ರೆಗಳಿಗೂ ಅನ್ವಯಿಸುವುದಿಲ್ಲ. ಇಂಗ್ಲೆಂಡಿನ ಸಾರ್ವಜನಿಕ ಆಸ್ಪತ್ರೆಗಳಲ್ಲಿ 2005ರಿಂದ 2010ರವರೆಗೆ ನಡೆದ ಏಳೂವರೆ ಸಾವಿರ ಶಸ್ತ್ರಚಿಕಿತ್ಸೆಗಳ ದಾಖಲೆಗಳನ್ನು ಪರಿಶೀಲಿಸಿದಾಗ ಎರಡು ವಿಧಾನಗಳ ಮರಣ ಪ್ರಮಾಣ ಒಂದೇ ಇತ್ತು. ತೊಡಕಿಗಾಗಿ ಮತ್ತೊಮ್ಮೆ ಚಿಕಿತ್ಸೆಗೆ ಒಯ್ಯಬೇಕಾದವರು ಕೀಹೋಲ್ ಗುಂಪಿನಲ್ಲೇ ಹೆಚ್ಚಿದ್ದರು. ಯುರೋಪಿನ ನಾಲ್ಕು ಕೇಂದ್ರಗಳ 646 ರೋಗಿಗಳ ವಿಶ್ಲೇಷಣೆಯೊಂದರಲ್ಲಿ, ಎದೆಯೊಳಗೆ ಜೋಡಣೆ ಮಾಡುವ ಪೂರ್ಣ ಕೀಹೋಲ್ ವಿಧಾನದಲ್ಲಿ ಜೋಡಣೆ ಸೋರುವ ಪ್ರಮಾಣ ಕಲಿಕೆಯ ಅವಧಿಯಲ್ಲಿ ಶೇ 18.8 ಇದ್ದು, ಕಲಿಕೆ ಪಕ್ವವಾದ ಮೇಲೆ ಶೇ 4.5ಕ್ಕೆ ಇಳಿಯಿತು. ಆ ಪಕ್ವತೆಗೆ ಬೇಕಾದದ್ದು 119 ಶಸ್ತ್ರಚಿಕಿತ್ಸೆಗಳು. ಕಲಿಕೆಯ ಬೆಲೆಯನ್ನು ತೆತ್ತವರು ರೋಗಿಗಳು ಎಂದು ಆ ಅಧ್ಯಯನ ಲೆಕ್ಕವಿಟ್ಟೇ ತೋರಿಸಿತು. ಅಮೆರಿಕದ 2002ರ ಹಳೆಯ ಸಮೀಕ್ಷೆಯಲ್ಲಂತೂ, ವರ್ಷಕ್ಕೆ ಎರಡಕ್ಕಿಂತ ಕಡಿಮೆ ಅನ್ನನಾಳ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗಳಲ್ಲಿ ಸುಮಾರು ಶೇ 20 ರೋಗಿಗಳು ತೀರಿಕೊಂಡರೆ, 19ಕ್ಕಿಂತ ಹೆಚ್ಚು ಮಾಡುವಲ್ಲಿ ಸುಮಾರು ಶೇ 8 ಮಂದಿ ತೀರಿಕೊಂಡಿದ್ದರು.

ಜೋಡಣೆಯ ಸೋರಿಕೆ

ಮೇಲಕ್ಕೆ ಎಳೆದ ಜಠರದ ತುದಿಗೆ ರಕ್ತ ಸಾಲದೆ ಹೊಲಿಗೆ ಬಿಟ್ಟುಕೊಂಡರೆ, ಎಂಜಲು ಮತ್ತು ಜಠರರಸ ಎದೆಯೊಳಗೆ ಸೋರಿ ಸೋಂಕಾಗುತ್ತದೆ. ಈ ಶಸ್ತ್ರಚಿಕಿತ್ಸೆಯಲ್ಲಿ ಎಲ್ಲರೂ ಹೆದರುವುದು ಇದಕ್ಕೇ. ಜೋಡಣೆಯನ್ನು ಕತ್ತಿನಲ್ಲಿ ಮಾಡಿದರೆ ಸೋರಿಕೆ ಹೆಚ್ಚಾದರೂ ಅಪಾಯ ಕಡಿಮೆ ಎಂಬುದು ಹಿಂದಿನಿಂದ ಬಂದ ನಂಬಿಕೆ. ನೆದರ್‌ಲೆಂಡ್ಸ್‌ನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮರುಚಿಕಿತ್ಸೆ ಬೇಕಾಗುವಷ್ಟು ದೊಡ್ಡ ಸೋರಿಕೆ ಕತ್ತಿನ ಜೋಡಣೆಯಲ್ಲಿ ಶೇ 31.7, ಎದೆಯ ಜೋಡಣೆಯಲ್ಲಿ ಶೇ 12.3 ಇತ್ತು, ಧ್ವನಿನರದ ಪೆಟ್ಟೂ ಎದೆಯ ಜೋಡಣೆಯಲ್ಲಿ ಕಡಿಮೆ. ಅಲ್ಲಿದ್ದವರು ನಡುವಿನ ಮತ್ತು ಕೆಳಭಾಗದ ಕ್ಯಾನ್ಸರ್‌ನ ರೋಗಿಗಳು ಎಂಬುದನ್ನು ಮರೆಯಬಾರದು. ಭಾರತದಲ್ಲಿ ಕಾಣುವಂತೆ ಗಡ್ಡೆ ಮೇಲ್ಮಟ್ಟದಲ್ಲಿದ್ದರೆ ಕತ್ತಿನವರೆಗೆ ಹೋಗುವುದು ಅನಿವಾರ್ಯ.

ಇಲ್ಲಿ ಬಂದಿರುವ ಹೊಸ ನೆರವು ಇಂಡೋಸಯನಿನ್ ಗ್ರೀನ್ ಎಂಬ ಬಣ್ಣ. ಅದನ್ನು ರಕ್ತನಾಳಕ್ಕೆ ಚುಚ್ಚಿ ಅತಿಗೆಂಪಿಗೆ ಹತ್ತಿರದ ಬೆಳಕಿನ ಕ್ಯಾಮೆರಾದಲ್ಲಿ ನೋಡಿದಾಗ, ರಕ್ತ ಹರಿಯುವ ಭಾಗ ಕೆಲವೇ ಕ್ಷಣಗಳಲ್ಲಿ ಹೊಳೆಯುತ್ತದೆ, ಹರಿಯದ ತುದಿ ಕಪ್ಪಾಗಿಯೇ ಉಳಿಯುತ್ತದೆ. ಆ ತುದಿಯನ್ನು ಬಿಟ್ಟು ಹೊಳೆಯುವ ಜಾಗದಲ್ಲಿ ಜೋಡಿಸಬಹುದು. ಇದರಿಂದ ಸೋರಿಕೆ ಪೂರ್ತಿ ನಿಲ್ಲುವುದಿಲ್ಲ, ಕಣ್ಣಂದಾಜಿಗಿಂತ ಮೇಲಾದ ದಾರಿಯಂತೂ ಹೌದು. ಸೋರಿಕೆಯಾದ ಮೇಲೆ ಎದೆಯನ್ನು ಮತ್ತೆ ತೆರೆಯುವ ಬದಲು ಎಂಡೋಸ್ಕೋಪಿಯ ಮೂಲಕ ಸ್ಟೆಂಟ್ ಇಡುವುದು, ಅಥವಾ ಸೋರುವ ಜಾಗದಲ್ಲಿ ಸ್ಪಂಜನ್ನು ಇಟ್ಟು ನಿರ್ವಾತ ಯಂತ್ರದಿಂದ ಕೀವನ್ನು ಹೀರುತ್ತಾ ಕೆಲವು ದಿನಗಳಿಗೊಮ್ಮೆ ಸ್ಪಂಜು ಬದಲಿಸಿ ಗಾಯ ಮಾಗಿಸುವುದು ಈಗ ಸಾಧ್ಯ. ಇವೆಲ್ಲಕ್ಕೂ ಹಗಲಿರುಳು ಲಭ್ಯವಿರುವ ಎಂಡೋಸ್ಕೋಪಿ ತಜ್ಞರು, ರೇಡಿಯಾಲಜಿ ಮತ್ತು ಐ.ಸಿ.ಯು. ಇರುವ ಆಸ್ಪತ್ರೆ ಬೇಕು.

ಆಸ್ಪತ್ರೆಯ ಆಯ್ಕೆ, ವೆಚ್ಚ, ತಯಾರಿ

ಹೀಗಾಗಿ ಕುಟುಂಬದವರು ಶಸ್ತ್ರವೈದ್ಯರನ್ನು ಕೇಳಬೇಕಾದ ಮೊದಲ ಪ್ರಶ್ನೆ ಯಂತ್ರದ ಬಗ್ಗೆ ಇರಬಾರದು. ಈ ತಂಡ ವರ್ಷಕ್ಕೆ ಎಷ್ಟು ಅನ್ನನಾಳ ಶಸ್ತ್ರಚಿಕಿತ್ಸೆ ಮಾಡುತ್ತದೆ, ಅದರಲ್ಲಿ ಎಷ್ಟು ಕೀಹೋಲ್, ಎಷ್ಟು ಜನರಲ್ಲಿ ಜೋಡಣೆ ಸೋರಿದೆ, ಎಷ್ಟು ಜನ ಮೂರು ತಿಂಗಳೊಳಗೆ ತೀರಿಕೊಂಡಿದ್ದಾರೆ, ರಾತ್ರಿ ತೊಂದರೆಯಾದರೆ ನೋಡುವವರು ಯಾರು ಎಂದು ಸಂಕೋಚವಿಲ್ಲದೆ ಕೇಳಬಹುದು. ಒಳ್ಳೆಯ ತಂಡದ ಬಳಿ ಈ ಲೆಕ್ಕ ಇದ್ದೇ ಇರುತ್ತದೆ, ಕೇಳಿದ್ದಕ್ಕೆ ಬೇಸರವೂ ಇರುವುದಿಲ್ಲ. ರಂಧ್ರಗಳ ಮೂಲಕ ಆರಂಭಿಸಿದ ಶಸ್ತ್ರಚಿಕಿತ್ಸೆಯನ್ನು ರಕ್ತಸ್ರಾವ ಅಥವಾ ಅಂಟುವಿಕೆಯ ಕಾರಣಕ್ಕೆ ನಡುವೆಯೇ ತೆರೆದ ವಿಧಾನಕ್ಕೆ ಬದಲಿಸಬೇಕಾಗಿ ಬರಬಹುದು. ಅದನ್ನು ಸೋಲೆಂದು ತಿಳಿಯದೆ ವಿವೇಕವೆಂದು ತಿಳಿಯುವುದು ಸರಿ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗಲೇ ಅದನ್ನು ಮಾತಾಡಿಕೊಳ್ಳಬೇಕು.

ಕರ್ನಾಟಕದಲ್ಲಿ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಸಾರ್ವಜನಿಕ ವಲಯದ ಮುಖ್ಯ ಕ್ಯಾನ್ಸರ್ ಕೇಂದ್ರ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಹೊಣೆ ಸರ್ಕಾರದ್ದು. ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೇ, ಕೀಮೋ, ವಿಕಿರಣ, ಶಸ್ತ್ರಚಿಕಿತ್ಸೆ ಮೂರಕ್ಕೂ ಅನುಮೋದನೆ ಪ್ರತ್ಯೇಕವೇ, ಸ್ಟೇಪ್ಲರ್ ಮತ್ತು ರೋಬೋಟ್ ವೆಚ್ಚ ಪ್ಯಾಕೇಜಿನೊಳಗೇ ಇದೆಯೇ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರಿಂದ ಮೊದಲೇ ಖಚಿತಪಡಿಸಿಕೊಳ್ಳಬೇಕು. ಸ್ಟೇಪ್ಲರ್‌ಗಳ ಖರ್ಚು ಅನೇಕರಿಗೆ ಬಿಲ್ ಬಂದ ಮೇಲೆಯೇ ತಿಳಿಯುತ್ತದೆ.

ಕೀಮೋ ಮತ್ತು ವಿಕಿರಣ ಮುಗಿದು ಶಸ್ತ್ರಚಿಕಿತ್ಸೆಗೆ ಆರರಿಂದ ಎಂಟು ವಾರ ಕಾಯುವ ಅವಧಿಯನ್ನು ಸುಮ್ಮನೆ ಕಳೆಯಬಾರದು. ಬೀಡಿ, ಸಿಗರೇಟು, ಗುಟ್ಕಾ, ಮದ್ಯ ಕನಿಷ್ಠ ನಾಲ್ಕು ವಾರ ಮೊದಲೇ ಪೂರ್ತಿ ನಿಂತಿರಬೇಕು. ಮೂರು ಚೆಂಡುಗಳಿರುವ ಸ್ಪೈರೋಮೀಟರ್ ಎಂಬ ಪ್ಲಾಸ್ಟಿಕ್ ಉಪಕರಣದಿಂದ ದಿನಕ್ಕೆ ಹಲವು ಸಲ ಉಸಿರೆಳೆದು ಅಭ್ಯಾಸ ಮಾಡುವುದು, ನಿತ್ಯ ನಡೆಯುವುದು, ಹಲ್ಲು ವಸಡಿನ ಸೋಂಕಿಗೆ ಚಿಕಿತ್ಸೆ ಪಡೆಯುವುದು, ಸಕ್ಕರೆ ಕಾಯಿಲೆಯನ್ನು ಹತೋಟಿಗೆ ತರುವುದು ಇವೆಲ್ಲ ನ್ಯುಮೋನಿಯಾದ ಅಪಾಯವನ್ನು ತಗ್ಗಿಸುತ್ತವೆ. ನುಂಗಲಾಗದವರಿಗೆ ಮೂಗಿನ ಕೊಳವೆ ಅಥವಾ ಸಣ್ಣ ಕರುಳಿಗೆ ಇಳಿಸಿದ ಕೊಳವೆಯ ಮೂಲಕ ಪೋಷಣೆ ಕೊಟ್ಟು ತೂಕ ಹೆಚ್ಚಿಸಿಯೇ ಮುಂದುವರಿಯಬೇಕು. ಜಠರಕ್ಕೆ ನೇರ ಕೊಳವೆ ಹಾಕುವ ಮೊದಲು ಶಸ್ತ್ರವೈದ್ಯರನ್ನು ಕೇಳುವುದು ಒಳ್ಳೆಯದು. ಮುಂದೆ ಹೊಸ ಅನ್ನನಾಳವಾಗಬೇಕಾದದ್ದು ಅದೇ ಜಠರ.

ಶಸ್ತ್ರಚಿಕಿತ್ಸೆಯನ್ನೇ ತಪ್ಪಿಸಬಹುದೇ ಎಂಬ ಪ್ರಶ್ನೆಯೂ ಈಗ ಗಂಭೀರವಾಗಿ ಚರ್ಚೆಯಲ್ಲಿದೆ. ಕೀಮೋ-ವಿಕಿರಣದ ನಂತರ ಎಲ್ಲ ಪರೀಕ್ಷೆಗಳಲ್ಲೂ ರೋಗ ಕಾಣದವರನ್ನು ಕೂಡಲೇ ಶಸ್ತ್ರಚಿಕಿತ್ಸೆಗೆ ಒಳಪಡಿಸದೆ ನಿಕಟವಾಗಿ ಗಮನಿಸುತ್ತಾ ಹೋದ ಡಚ್ಚರ ಸಾನೋ ಅಧ್ಯಯನದಲ್ಲಿ, ಎರಡು ವರ್ಷ ಬದುಕುಳಿದವರು ಶೇ 74, ಕೂಡಲೇ ಶಸ್ತ್ರಚಿಕಿತ್ಸೆಯಾದವರಲ್ಲಿ ಶೇ 71. ಗಮನಿಸುವುದೆಂದರೆ ಕೆಲವು ತಿಂಗಳಿಗೊಮ್ಮೆ ಎಂಡೋಸ್ಕೋಪಿ, ಬಯಾಪ್ಸಿ, ಸ್ಕ್ಯಾನ್ ತಪ್ಪದೆ ಮಾಡಿಸುವುದು. ಹೀಗೆ ಕಾದವರಲ್ಲಿ ಗಣನೀಯ ಸಂಖ್ಯೆಯವರಿಗೆ ರೋಗ ಮರುಕಳಿಸಿ ಶಸ್ತ್ರಚಿಕಿತ್ಸೆ ಬೇಕಾಯಿತು. ದೂರದ ಊರಿನಿಂದ ಪದೇ ಪದೇ ಬರಲಾಗದವರಿಗೆ ಈ ದಾರಿ ಸೂಕ್ತವಲ್ಲ.

ಮನೆಗೆ ಮರಳಿದ ಮೇಲೆ

ತೊಡಕಿಲ್ಲದಿದ್ದರೆ ಎಂಟರಿಂದ ಹದಿನಾಲ್ಕು ದಿನಗಳಲ್ಲಿ ಮನೆಗೆ ಹೋಗಬಹುದು. ಮಾರನೆಯ ದಿನವೇ ಎಬ್ಬಿಸಿ ನಡೆಸುವುದು, ನೋವನ್ನು ಚೆನ್ನಾಗಿ ತಗ್ಗಿಸುವುದು, ಎದೆಯ ಕೊಳವೆಗಳನ್ನು ಬೇಗ ತೆಗೆಯುವುದು ಇಂದಿನ ಪದ್ಧತಿ. ಊಟದ ಕ್ರಮ ಮಾತ್ರ ಆಜೀವ ಬದಲಾಗುತ್ತದೆ. ಜಠರ ಈಗ ಸಂಗ್ರಹದ ಚೀಲವಾಗಿ ಉಳಿದಿಲ್ಲವಾದ್ದರಿಂದ ದಿನಕ್ಕೆ ಆರರಿಂದ ಎಂಟು ಸಲ ಸ್ವಲ್ಪ ಸ್ವಲ್ಪವೇ ತಿನ್ನಬೇಕು. ಮೊದಲು ಗಂಜಿ, ರಾಗಿ ಅಂಬಲಿ, ತೊವ್ವೆಯ ತಿಳಿಗಳಿಂದ ಆರಂಭಿಸಿ, ಮೆತ್ತಗಿನ ಇಡ್ಲಿ, ಮೊಸರನ್ನ, ಬೇಯಿಸಿದ ಮೊಟ್ಟೆಗೆ ಬಂದು, ಆಮೇಲಷ್ಟೇ ಮುದ್ದೆ, ರೊಟ್ಟಿಗಳತ್ತ ಹೋಗುವುದು ಕ್ರಮ. ನೀರನ್ನು ಊಟದ ಜೊತೆ ಕುಡಿಯದೆ ನಡುವಿನ ಹೊತ್ತಿನಲ್ಲಿ ಕುಡಿಯಬೇಕು. ಪಾಯಸ, ಬೆಲ್ಲದ ಪಾನಕದಂಥ ಸಿಹಿ ಒಮ್ಮೆಲೇ ಕರುಳಿಗೆ ಇಳಿದರೆ ಎದೆಬಡಿತ, ಬೆವರು, ಭೇದಿ ಆಗುತ್ತವೆ. ಒಂದೆರಡು ಗಂಟೆಯ ನಂತರ ರಕ್ತದ ಸಕ್ಕರೆ ಕುಸಿದು ಕಣ್ಣು ಕತ್ತಲಿಟ್ಟಂತಾಗುವುದೂ ಉಂಟು. ಜಠರ ಮತ್ತು ಅನ್ನನಾಳದ ನಡುವಿನ ಕವಾಟ ಇಲ್ಲವಾಗಿರುವುದರಿಂದ ರಾತ್ರಿಯೂಟ ಮಲಗುವುದಕ್ಕೆ ಮೂರು ಗಂಟೆ ಮೊದಲೇ ಮುಗಿಯಬೇಕು, ತಲೆ ಮತ್ತು ಬೆನ್ನು ಎತ್ತರದಲ್ಲಿರುವಂತೆ ಮಲಗಬೇಕು. ಮೊದಲ ತಿಂಗಳುಗಳಲ್ಲಿ ಮತ್ತಷ್ಟು ತೂಕ ಇಳಿಯುವುದು ಸಹಜ. ಬಿ12 ಮತ್ತು ಕಬ್ಬಿಣದ ಅಂಶಗಳನ್ನು ಆಗಾಗ ಪರೀಕ್ಷಿಸಬೇಕು.

ನುಂಗುವುದು ಮತ್ತೆ ಕಷ್ಟವಾದರೆ ಕ್ಯಾನ್ಸರ್ ಮರಳಿತೆಂದು ಕುಟುಂಬ ಕಂಗಾಲಾಗುತ್ತದೆ. ಮೊದಲ ವರ್ಷದಲ್ಲಿ ಹೆಚ್ಚಿನ ಸಲ ಕಾರಣ ಜೋಡಣೆಯ ಜಾಗ ಕಿರಿದಾಗಿರುವುದು. ಎಂಡೋಸ್ಕೋಪಿಯಲ್ಲಿ ಅದನ್ನು ಹಿಗ್ಗಿಸಬಹುದು, ಹಲವರಿಗೆ ಒಂದಕ್ಕಿಂತ ಹೆಚ್ಚು ಸಲ ಬೇಕಾಗುತ್ತದೆ. ರೋಗ ಮರುಕಳಿಸುವುದಿದ್ದರೆ ಬಹುಪಾಲು ಮೊದಲ ಎರಡು ಮೂರು ವರ್ಷಗಳಲ್ಲೇ ಆಗುವುದರಿಂದ ಆ ಅವಧಿಯ ಭೇಟಿಗಳನ್ನು ತಪ್ಪಿಸಬಾರದು.

ಕೀಹೋಲ್ ವಿಧಾನಕ್ಕೇ ಸೇರಿದ ಒಂದು ತಡವಾದ ತೊಂದರೆಯ ಬಗ್ಗೆ ಬಿಡುಗಡೆಯ ದಿನ ಯಾರೂ ಹೇಳುವುದಿಲ್ಲ. ಹೊಟ್ಟೆಯೊಳಗೆ ಅಂಟುವಿಕೆ ಕಡಿಮೆಯಾಗುವುದರಿಂದ ಕರುಳು ಸಡಿಲವಾಗಿರುತ್ತದೆ. ಜಠರವನ್ನು ಎಳೆದ ವಪೆಯ ರಂಧ್ರದ ಮೂಲಕ ಅದು ತಿಂಗಳುಗಳ ಅಥವಾ ವರ್ಷಗಳ ನಂತರ ಎದೆಗೆ ನುಸುಳುವ ಸಂಭವ ತೆರೆದ ಶಸ್ತ್ರಚಿಕಿತ್ಸೆಗಿಂತ ಹೆಚ್ಚು. ಇದ್ದಕ್ಕಿದ್ದಂತೆ ಎದೆ ಅಥವಾ ಹೊಟ್ಟೆಯಲ್ಲಿ ತೀವ್ರ ನೋವು, ವಾಂತಿ, ಏದುಸಿರು ಬಂದರೆ ಕೂಡಲೇ ಸಿ.ಟಿ. ಆಗಬೇಕು. ಊರಿನ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಎದೆಯ ಎಕ್ಸ್‌ರೇ ನೋಡಿದ ವೈದ್ಯರಿಗೆ ಎದೆಯೊಳಗಿನ ಜಠರದ ನೆರಳು ಕೀವು ಅಥವಾ ಗಾಳಿ ತುಂಬಿದಂತೆ ಕಂಡು ಅಲ್ಲಿಗೇ ಸೂಜಿ ಹಾಕುವ ಯೋಚನೆ ಬರಬಹುದು. ಆದ್ದರಿಂದ ಶಸ್ತ್ರಚಿಕಿತ್ಸೆಯ ವಿವರವಿರುವ ಡಿಸ್ಚಾರ್ಜ್ ಸಾರಾಂಶದ ಪ್ರತಿಯನ್ನು ಮನೆಯವರು ಮೊಬೈಲಿನಲ್ಲಿ ಇಟ್ಟುಕೊಂಡು, ‘ಇವರ ಜಠರ ಎದೆಯಲ್ಲಿದೆ’ ಎಂಬುದನ್ನು ಮೊದಲ ಮಾತಿನಲ್ಲೇ ಹೇಳಬೇಕು. ಅವರ ಶಸ್ತ್ರವೈದ್ಯರನ್ನು ಕೇಳದೆ ಮೂಗಿನ ಕೊಳವೆ ಇಳಿಸಬಾರದೆಂದೂ ತಿಳಿಸಬೇಕು.